ಬದಲಾವಣೆಯ ದರವನ್ನು ಕಲಿಸಲು ಯಾವ ಚಟುವಟಿಕೆ ಆರಿಸಬೇಕು? ನೀರು, ನಡಿಗೆ, ಮೊಳಕೆ, ಬಾಡಿಗೆ, ಅಣೆಕಟ್ಟು

ಆರರಿಂದ ಎಂಟನೆಯ ತರಗತಿಯ ಪುಸ್ತಕಗಳಲ್ಲಿ ‘ಬದಲಾವಣೆಯ ದರ’ ಎಂಬ ತಲೆಬರಹವನ್ನು ಹುಡುಕಿದರೆ ಸಿಗುವುದು ಕಷ್ಟ. ಆದರೆ ಒಂದು ಅಳತೆ ಬದಲಾದಂತೆ ಇನ್ನೊಂದು ಎಷ್ಟೆಷ್ಟು ಬದಲಾಗುತ್ತದೆ ಎಂಬ ಆ ವಿಷಯ ಎಲ್ಲ ಕಡೆಯೂ ಹರಡಿಕೊಂಡಿದೆ. ಏಕಾಂಶ ವಿಧಾನದಲ್ಲಿ, ಅನುಪಾತದಲ್ಲಿ, ಜವದ ಲೆಕ್ಕಗಳಲ್ಲಿ, ಸರಳ ಬಡ್ಡಿಯಲ್ಲಿ, ರೇಖಾನಕ್ಷೆಯಲ್ಲಿ ಅದೇ ವಿಷಯ ಬೇರೆ ಬೇರೆ ವೇಷದಲ್ಲಿ ಬರುತ್ತದೆ. ಮಕ್ಕಳು ಒಂದೊಂದನ್ನೂ ಬಿಡಿಬಿಡಿಯಾಗಿ ಕಲಿಯುತ್ತಾರೆ. ಪ್ರೌಢಶಾಲೆಯಲ್ಲಿ ಸರಳರೇಖೆಯ ಸಮೀಕರಣ, ಪದವಿಪೂರ್ವದಲ್ಲಿ ಕಲನಶಾಸ್ತ್ರ ಎದುರಾದಾಗ ಇವೆಲ್ಲವೂ ಒಂದೇ ಎಂದು ಯಾರೂ ಹೇಳದೆ ಹೋದದ್ದರ ನಷ್ಟ ಗೊತ್ತಾಗುತ್ತದೆ.

ಹೇಗೆ ಕಲಿಸಬೇಕು ಎಂದು ಕೇಳುವ ಶಿಕ್ಷಕರ ಮುಂದೆ ಆಯ್ಕೆಗಳು ಹಲವಾರು ಇವೆ. ಯಾವ ಚಟುವಟಿಕೆ ಏನನ್ನು ಚೆನ್ನಾಗಿ ತೋರಿಸುತ್ತದೆ, ಎಲ್ಲಿ ಕೈಕೊಡುತ್ತದೆ, ಎಷ್ಟು ಸಮಯ ಮತ್ತು ಸಾಮಗ್ರಿ ಬೇಡುತ್ತದೆ ಎಂಬುದನ್ನು ಇಲ್ಲಿ ಹೋಲಿಸಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ದರ ಒಂದೇ ಸಮನಾಗಿರುವ ಉದಾಹರಣೆಯಿಂದ ಆರಂಭಿಸಬಾರದು. ‘ಒಂದು ಪೆನ್ನಿಗೆ 10 ರೂಪಾಯಿ, 7 ಪೆನ್ನಿಗೆ ಎಷ್ಟು?’ ಎಂಬಲ್ಲಿ ದರ ಅಲುಗಾಡುವುದೇ ಇಲ್ಲ. ಅಲುಗಾಡದ್ದನ್ನು ಮಗು ಗಮನಿಸುವುದಿಲ್ಲ, ಗುಣಿಸಿ ಉತ್ತರ ಬರೆದು ಮುಂದಕ್ಕೆ ಹೋಗುತ್ತದೆ. ದರವೇ ಬದಲಾಗುವ ಸಂದರ್ಭವನ್ನು ಮೊದಲು ನೋಡಿದ ಮಗುವಿಗೆ ಮಾತ್ರ ದರ ಎಂಬ ವಸ್ತುವೊಂದು ಇದೆ ಎನ್ನುವುದು ಹೊಳೆಯುತ್ತದೆ. ಆಮೇಲೆ ಸಮನಾದ ದರ ಅದರ ವಿಶೇಷ ಸಂದರ್ಭವಾಗಿ ಸುಲಭವಾಗಿ ಕೂರುತ್ತದೆ.

ನೀರು ತುಂಬಿಸುವುದು

ಒಂದೇ ಒಂದು ಚಟುವಟಿಕೆಗೆ ಮಾತ್ರ ಸಮಯವಿದ್ದರೆ ನಾನು ಆರಿಸುವುದು ಇದನ್ನೇ. ಪಾರದರ್ಶಕವಾದ ಮೂರು ಬಗೆಯ ಪಾತ್ರೆಗಳು ಬೇಕು: ನೇರ ಗೋಡೆಯ ಗಾಜಿನ ಲೋಟ, ಪ್ರಯೋಗಾಲಯದ ಶಂಕುವಿನಾಕಾರದ ಫ್ಲಾಸ್ಕು, ಮತ್ತು ಕತ್ತು ಕಿರಿದಾದ ಯಾವುದಾದರೂ ಪ್ಲಾಸ್ಟಿಕ್ ಬಾಟಲಿ. ಒಂದೇ ಅಳತೆಯ ಸಣ್ಣ ಲೋಟದಿಂದ ನೀರು ಹಾಕುತ್ತಾ ಹೋಗಬೇಕು. ಪ್ರತಿ ಲೋಟ ಹಾಕಿದ ಮೇಲೂ ಹೊರಗೆ ಅಂಟಿಸಿದ ಕಾಗದದ ಪಟ್ಟಿಯ ಮೇಲೆ ನೀರಿನ ಮಟ್ಟಕ್ಕೆ ಗೆರೆ ಎಳೆಯಬೇಕು. ಅಷ್ಟೇ.

ನೇರ ಗೋಡೆಯ ಲೋಟದಲ್ಲಿ ಗೆರೆಗಳು ಸಮಾನ ಅಂತರದಲ್ಲಿ ಬೀಳುತ್ತವೆ. ಫ್ಲಾಸ್ಕಿನಲ್ಲಿ ತಳ ಅಗಲ, ಮೇಲೆ ಹೋದಂತೆ ಕಿರಿದು. ಅಲ್ಲಿ ಗೆರೆಗಳ ನಡುವಿನ ಅಂತರ ಹಿಗ್ಗುತ್ತಾ ಹೋಗುತ್ತದೆ. ಹಾಕಿದ ನೀರು ಪ್ರತಿ ಸಲವೂ ಅಷ್ಟೇ, ಆದರೆ ಏರಿಕೆ ಅಷ್ಟೇ ಅಲ್ಲ. ಏಕೆ? ಈ ‘ಏಕೆ’ಗೆ ಉತ್ತರ ಹೇಳಲು ಮಕ್ಕಳಿಗೆ ಯಾವ ಸೂತ್ರವೂ ಬೇಡ. ಜಾಗ ಕಡಿಮೆಯಿದ್ದರೆ ನೀರು ಬೇಗ ಮೇಲಕ್ಕೆ ಬರುತ್ತದೆ ಎಂದು ಅವರೇ ಹೇಳುತ್ತಾರೆ. ಬದಲಾವಣೆಯ ದರವನ್ನು ಅವರು ಕಣ್ಣಾರೆ ಕಂಡು ಕಾರಣವನ್ನೂ ಹೇಳಿದ ಹಾಗಾಯಿತು. ಇನ್ನು ಮೇಲೆ ಶಿಕ್ಷಕರ ಕೆಲಸ ಅದನ್ನು ಬರೆಯುವ ಬಗೆ ಕಲಿಸುವುದಷ್ಟೇ.

ಆ ಕಾಗದದ ಪಟ್ಟಿಯನ್ನು ಬಿಡಿಸಿ ನಕ್ಷೆಯ ಲಂಬ ಅಕ್ಷದ ಪಕ್ಕದಲ್ಲಿ ಇಡಿ. ಅಡ್ಡ ಅಕ್ಷದಲ್ಲಿ ಲೋಟಗಳ ಸಂಖ್ಯೆ, ಲಂಬ ಅಕ್ಷದಲ್ಲಿ ಮಟ್ಟ. ಫ್ಲಾಸ್ಕಿನ ನಕ್ಷೆ ಮೊದಲು ಮೆಲ್ಲಗೆ ಏರಿ ಕೊನೆಯಲ್ಲಿ ಕಡಿದಾಗುತ್ತದೆ. ಇಲ್ಲೊಂದು ಎಚ್ಚರಿಕೆ ಬೇಕು. ಮುಂಚೆಯೇ ನಕ್ಷೆಯನ್ನು ಊಹಿಸಿ ಬರೆಯಲು ಹೇಳಿದರೆ ಬಹಳಷ್ಟು ಮಕ್ಕಳು ಪಾತ್ರೆಯ ಚಿತ್ರವನ್ನೇ ಬರೆದುಬಿಡುತ್ತಾರೆ. ನಕ್ಷೆಯನ್ನು ಚಿತ್ರವೆಂದು ಓದುವ ಈ ತಪ್ಪು ಜಗತ್ತಿನ ಎಲ್ಲ ಕಡೆಯ ತರಗತಿಗಳಲ್ಲೂ ಕಾಣುವಂಥದ್ದು. ಅದನ್ನು ತಡೆಯಲು ಹೋಗಬೇಡಿ. ತಪ್ಪು ಊಹೆ ಕಾಗದದ ಮೇಲೆ ಬರಲಿ, ಆಮೇಲೆ ನೀರು ಹಾಕಿ ಹೋಲಿಸಲಿ. ಊಹಿಸದೆ ಅಳತೆ ಮಾಡಿದ ಗುಂಪು ಅಂಕಿಗಳನ್ನು ತುಂಬುತ್ತದೆ. ಊಹಿಸಿ ಅಳತೆ ಮಾಡಿದ ಗುಂಪು ವಾದ ಮಾಡುತ್ತದೆ.

ಕೊನೆಯ ಸವಾಲಿಗೆ ಮನೆಯ ಹಿತ್ತಾಳೆಯ ಅಥವಾ ಸ್ಟೀಲಿನ ತಂಬಿಗೆ ತರಿಸಿ. ಒಳಗಿನ ನೀರು ಹೊರಗಿನಿಂದ ಕಾಣುವುದಿಲ್ಲ. ತಳ ಕಿರಿದು, ಹೊಟ್ಟೆ ಅಗಲ, ಕತ್ತು ಮತ್ತೆ ಕಿರಿದು. ನಕ್ಷೆ ಹೇಗಿರಬೇಕು? ಕಡಿದು, ಮೆಲ್ಲಗೆ, ಮತ್ತೆ ಕಡಿದು. ಊಹಿಸಿದ ಮೇಲೆ ಅಳತೆಪಟ್ಟಿಯನ್ನು ನೇರವಾಗಿ ಇಳಿಬಿಟ್ಟು ಪರೀಕ್ಷಿಸಬಹುದು. ಇದರ ಹಿಮ್ಮುಖ ಪ್ರಶ್ನೆ ಇನ್ನೂ ಚೆನ್ನ: ನಕ್ಷೆ ಕೊಟ್ಟು ಪಾತ್ರೆಯ ಆಕಾರ ಬರೆಯಲು ಹೇಳುವುದು. 

ಕೊರತೆ ಇಲ್ಲವೆಂದಲ್ಲ. ಈ ಚಟುವಟಿಕೆಯಲ್ಲಿ ಸಮಯವಿಲ್ಲ. ಅಡ್ಡ ಅಕ್ಷದಲ್ಲಿರುವುದು ಲೋಟಗಳ ಸಂಖ್ಯೆ. ಹಾಗಾಗಿ ‘ಸೆಕೆಂಡಿಗೆ ಇಷ್ಟು’ ಎಂಬ ಮಾತು ಹುಟ್ಟುವುದಿಲ್ಲ. ನನಗೆ ಇದು ಲಾಭವಾಗಿಯೇ ಕಾಣುತ್ತದೆ. ದರ ಎಂದರೆ ಯಾವಾಗಲೂ ಸಮಯಕ್ಕೆ ಸಂಬಂಧಿಸಿದ್ದು ಎಂಬ ತಪ್ಪು ನಂಬಿಕೆ ಬೇರೂರುವುದಕ್ಕೆ ಮುನ್ನವೇ ‘ಲೋಟಕ್ಕೆ ಇಷ್ಟು ಸೆಂಟಿಮೀಟರ್’ ಎಂಬ ಏಕಮಾನವನ್ನು ಮಕ್ಕಳು ಬಳಸಿರುತ್ತಾರೆ. ನೆಲ ಒದ್ದೆಯಾಗುತ್ತದೆ, ಅದನ್ನು ವರಾಂಡದಲ್ಲಿ ಮಾಡಿದರೆ ಸರಿಹೋಗುತ್ತದೆ. 40 ನಿಮಿಷದ ಒಂದು ಅವಧಿಯಲ್ಲಿ ಊಹೆ, ಅಳತೆ, ನಕ್ಷೆ ಮೂರೂ ಮುಗಿಯುವುದು ಕಷ್ಟ. ಎರಡು ಅವಧಿ ಇಟ್ಟುಕೊಳ್ಳಿ.

ನಡಿಗೆ ಮತ್ತು ಹುಣಸೆ ಬೀಜ

ಜವವನ್ನು ಕಲಿಸಲು ರೈಲು, ಕಾರು, ದೋಣಿಗಳ ಲೆಕ್ಕಗಳು ಪುಸ್ತಕದ ತುಂಬ ಇವೆ. ಅವುಗಳಲ್ಲಿ ಕೊಟ್ಟ ರೈಲು ಹೊರಟ ಕ್ಷಣದಿಂದ ತಲುಪುವ ಕ್ಷಣದವರೆಗೆ ಒಂದೇ ಜವದಲ್ಲಿ ಓಡುತ್ತದೆ. ನಿಜವಾದ ಯಾವ ರೈಲೂ ಹಾಗೆ ಓಡುವುದಿಲ್ಲ. ಮಗು ತಾನೇ ನಡೆದರೆ ಆ ಸುಳ್ಳು ಬೇಕಾಗುವುದಿಲ್ಲ.

ಅಂಗಳದಲ್ಲಿ 10 ಮೀಟರ್ ಉದ್ದದ ಗೆರೆ ಎಳೆದು ಪ್ರತಿ ಮೀಟರಿಗೂ ಸುಣ್ಣದ ಗುರುತು ಹಾಕಿ. ತರಗತಿ ಎರಡು ಸೆಕೆಂಡಿಗೊಮ್ಮೆ ಒಟ್ಟಾಗಿ ಚಪ್ಪಾಳೆ ತಟ್ಟಲಿ. ನಡೆಯುವ ಮಗು ಪ್ರತಿ ಚಪ್ಪಾಳೆಗೂ ಒಂದು ಹುಣಸೆ ಬೀಜವನ್ನು ಕಾಲ ಬಳಿ ಬಿಡಲಿ. ನಡಿಗೆ ಮುಗಿದಾಗ ನೆಲದ ಮೇಲೆ ಬೀಜಗಳ ಸಾಲು ಉಳಿದಿರುತ್ತದೆ. ಬೀಜಗಳು ದೂರ ದೂರ ಬಿದ್ದ ಕಡೆ ಬೇಗ ನಡೆದದ್ದು, ಒತ್ತಾಗಿ ಬಿದ್ದ ಕಡೆ ನಿಧಾನವಾದದ್ದು. ಒಂದೇ ಕಡೆ ಮೂರು ಬೀಜ ಗುಂಪಾಗಿದ್ದರೆ? ಅಲ್ಲಿ ನಿಂತಿತ್ತು. ನಡೆದವರನ್ನು ನೋಡದ ಇನ್ನೊಂದು ಗುಂಪನ್ನು ಕರೆದು ಬೀಜಗಳನ್ನು ಮಾತ್ರ ತೋರಿಸಿ, ‘ಇವನು ಹೇಗೆ ನಡೆದ, ನೀವು ನಡೆದು ತೋರಿಸಿ’ ಎಂದು ಹೇಳಿ. ಹಿಂದಿರುಗಿ ಬಂದ ಮಗುವಿನ ಸಾಲನ್ನು ಅವರು ಓದಲಾರರು. ಯಾವ ಬೀಜ ಮೊದಲು ಬಿತ್ತು, ಯಾವುದು ಆಮೇಲೆ ಎಂದು ಸಾಲಿನಿಂದ ತಿಳಿಯುವುದಿಲ್ಲವಲ್ಲ. ಸಮಯಕ್ಕೆ ಬೇರೆಯೇ ಒಂದು ಅಕ್ಷ ಬೇಕು ಎನ್ನುವುದು ಮಕ್ಕಳಿಗೆ ಮನವರಿಕೆಯಾಗುವ ಜಾಗ ಇದೇ. ದೂರ-ಕಾಲ ನಕ್ಷೆಯನ್ನು ಹಲಗೆಯ ಮೇಲೆ ಬರೆಯಲು ಇದಕ್ಕಿಂತ ಒಳ್ಳೆಯ ಸಮಯ ಸಿಗದು.

ನಕ್ಷೆಗೆ ಬಂದ ಕೂಡಲೇ ಹೊಸ ಕಷ್ಟಗಳು ಶುರುವಾಗುತ್ತವೆ. ನಿಂತ ಮಗುವಿಗೆ ಅಡ್ಡಗೆರೆ ಏಕೆ ಎಂದು ಕೇಳುತ್ತಾರೆ. ಹಿಂದೆ ಬಂದದ್ದನ್ನು ತೋರಿಸಲು ಗೆರೆಯನ್ನು ಎಡಕ್ಕೆ ತಿರುಗಿಸುತ್ತಾರೆ. ಸಮಯ ಹಿಂದಕ್ಕೆ ಹೋಗುವುದಿಲ್ಲವಾದ್ದರಿಂದ ಗೆರೆ ಬಲಕ್ಕೇ ಹೋಗಬೇಕು, ಆದರೆ ಇಳಿಯಬೇಕು. ಇದನ್ನು ಹೇಳಿ ತಿಳಿಸುವುದಕ್ಕಿಂತ ‘ಹಾಗಾದರೆ ಆರನೆಯ ಸೆಕೆಂಡಿನಲ್ಲಿ ಅವಳು ಎಲ್ಲೆಲ್ಲಿ ಇದ್ದಳು?’ ಎಂದು ಕೇಳುವುದು ಮೇಲು. ಎಡಕ್ಕೆ ತಿರುಗಿದ ಗೆರೆಯ ಪ್ರಕಾರ ಅವಳು ಒಂದೇ ಹೊತ್ತಿಗೆ ಎರಡು ಕಡೆ ಇರಬೇಕಾಗುತ್ತದೆ.

ಇನ್ನೊಂದು ಕಷ್ಟ ಇದಕ್ಕಿಂತ ಆಳವಾದದ್ದು. ಇಬ್ಬರ ನಡಿಗೆಯನ್ನು ಒಂದೇ ನಕ್ಷೆಯಲ್ಲಿ ಹಾಕಿ. ಮೊದಲನೆಯವಳು 4 ಮೀಟರ್ ಮುಂದೆ ನಿಂತು ಸೆಕೆಂಡಿಗೆ 0.8 ಮೀಟರಿನಂತೆ ಹೊರಡುತ್ತಾಳೆ. ಎರಡನೆಯವಳು ಸೊನ್ನೆಯಿಂದ ಸೆಕೆಂಡಿಗೆ 1.6 ಮೀಟರಿನಂತೆ ಹೊರಡುತ್ತಾಳೆ. ಐದನೆಯ ಸೆಕೆಂಡಿಗೆ ಇಬ್ಬರೂ 8 ಮೀಟರಿನಲ್ಲಿ ಸೇರುತ್ತಾರೆ. ಮೂರನೆಯ ಸೆಕೆಂಡಿನಲ್ಲಿ ಯಾರು ಬೇಗ ನಡೆಯುತ್ತಿದ್ದರು ಎಂದು ಕೇಳಿದರೆ ಮೇಲಿರುವ ಗೆರೆಯನ್ನೇ ಬೊಟ್ಟು ಮಾಡುವವರು ಹೆಚ್ಚು. ಎತ್ತರವನ್ನೂ ಇಳಿಜಾರನ್ನೂ ಒಂದೇ ಎಂದುಕೊಳ್ಳುವುದು ನಕ್ಷೆ ಓದುವಿಕೆಯ ಅತ್ಯಂತ ಮೊಂಡು ತಪ್ಪು. ಐದನೆಯ ಸೆಕೆಂಡಿನಲ್ಲಿ ‘ಇಬ್ಬರ ಜವವೂ ಒಂದೇ’ ಎನ್ನುವುದೂ ಇದೇ ತಪ್ಪಿನ ಇನ್ನೊಂದು ರೂಪ. ಇಬ್ಬರು ಮಕ್ಕಳನ್ನು ಆ ಗೆರೆಗಳಂತೆಯೇ ನಡೆಸಿ ನೋಡಿದರೆ ಅನುಮಾನ ಬೇಗ ಕರಗುತ್ತದೆ.

ನೀರಿನ ಚಟುವಟಿಕೆಗೆ ಹೋಲಿಸಿದರೆ ಇಲ್ಲಿ ಅಳತೆ ಒರಟು. ಚಪ್ಪಾಳೆಯ ಲಯ ತಪ್ಪುತ್ತದೆ, ಬೀಜ ಉರುಳುತ್ತದೆ. ಆದರೆ ಇಡೀ ತರಗತಿಗೆ ಕೆಲಸ ಸಿಗುತ್ತದೆ ಮತ್ತು ಖರ್ಚು ಏನೂ ಇಲ್ಲ. 60 ಮಕ್ಕಳ ತರಗತಿಗೆ ನೀರಿಗಿಂತ ಇದೇ ಅನುಕೂಲ. ಮೊದಲು ಯಾವುದು, ಆಮೇಲೆ ಯಾವುದು ಎಂದರೆ ನಾನು ನೀರನ್ನು ಮೊದಲಿಡುತ್ತೇನೆ. ನೀರಿನಲ್ಲಿ ನಕ್ಷೆ ಯಾವಾಗಲೂ ಏರುತ್ತದೆ, ಹಿಂತಿರುಗುವ ಗೊಂದಲವಿಲ್ಲ.

ಮೊಳಕೆ

ಹುರುಳಿ ಅಥವಾ ಹೆಸರು ಕಾಳನ್ನು ಮೊಳಕೆ ಬರಿಸಿ ಮಣ್ಣಿನಲ್ಲಿಟ್ಟು ದಿನವೂ ಎತ್ತರ ಅಳೆಯುವುದು ಆರನೆಯ ತರಗತಿಯ ಅಚ್ಚುಮೆಚ್ಚಿನ ಕೆಲಸ. ವಿಜ್ಞಾನದ ಪಾಠವೂ ಆಗುತ್ತದೆ. ಎರಡು ವಾರ ಹಿಡಿಯುತ್ತದೆ, ಆದರೆ ದಿನಕ್ಕೆ ಐದು ನಿಮಿಷ ಸಾಕು.

ಇದರ ನಿಜವಾದ ಬೆಲೆ ಇರುವುದು ಭಾನುವಾರದಲ್ಲಿ. ಶುಕ್ರವಾರ ಬೆಳಗ್ಗೆ 3 ಸೆಂ.ಮೀ., ಶನಿವಾರ ಬೆಳಗ್ಗೆ 4.5, ಸೋಮವಾರ ಬೆಳಗ್ಗೆ 7.5 ಎಂದು ಬಂತು ಎನ್ನಿ. ಯಾವಾಗ ಹೆಚ್ಚು ಬೇಗ ಬೆಳೆಯಿತು? ಸೋಮವಾರ ಎನ್ನುತ್ತಾರೆ, 3 ಸೆಂಟಿಮೀಟರ್ ಏರಿದೆಯಲ್ಲ! ಆದರೆ ಆ 3 ಸೆಂಟಿಮೀಟರಿಗೆ ಎರಡು ದಿನ ಹಿಡಿದಿದೆ. ದಿನಕ್ಕೆ 1.5ರಂತೆ ಬೆಳವಣಿಗೆ ಸ್ವಲ್ಪವೂ ಬದಲಾಗಿಲ್ಲ. ಭಾಗಿಸುವುದು ಏಕೆ ಬೇಕು ಎಂಬ ಪ್ರಶ್ನೆಗೆ ಇಷ್ಟು ಸಹಜವಾದ ಉತ್ತರ ಬೇರೆ ಯಾವ ಚಟುವಟಿಕೆಯಲ್ಲೂ ಸಿಗುವುದಿಲ್ಲ. ನೀರಿನಲ್ಲಿ ಪ್ರತಿ ಹೆಜ್ಜೆಯೂ ಒಂದೇ ಲೋಟವಾದ್ದರಿಂದ ವ್ಯತ್ಯಾಸ ನೋಡಿದರೆ ಸಾಕಾಗುತ್ತದೆ, ಭಾಗಾಕಾರದ ಅಗತ್ಯವೇ ಬೀಳುವುದಿಲ್ಲ. ಇಲ್ಲಿ ಬೀಳುತ್ತದೆ. ಅಳೆಯುವುದನ್ನು ಮರೆತ ದಿನಗಳನ್ನು ಶಿಕ್ಷಕರು ತಾವೇ ಅಂದಾಜಿನ ಅಂಕಿ ಹಾಕಿ ಮುಚ್ಚಬಾರದು. ಖಾಲಿ ಬಿಡಿ, ಆ ಖಾಲಿ ಜಾಗವೇ ಪಾಠ. ನಕ್ಷೆಯಲ್ಲೂ ಭಾನುವಾರಕ್ಕೆ ಜಾಗ ಬಿಡಲೇಬೇಕು. ಶನಿವಾರದ ಪಕ್ಕಕ್ಕೇ ಸೋಮವಾರವನ್ನು ಗುರುತಿಸಿದರೆ ಗೆರೆ ಸುಳ್ಳಾಗಿ ಕಡಿದಾಗುತ್ತದೆ.

ಆರುವ ನೀರು

ಬಿಸಿನೀರಿನಲ್ಲಿ ತಾಪಮಾಪಕ ಇಟ್ಟು ಎರಡು ನಿಮಿಷಕ್ಕೊಮ್ಮೆ ಓದುವ ಪ್ರಯೋಗವನ್ನು ಬಹಳ ಜನ ಸೂಚಿಸುತ್ತಾರೆ. ಮೊದಲು ಬೇಗ ಇಳಿದು, ಕೋಣೆಯ ತಾಪಕ್ಕೆ ಹತ್ತಿರವಾದಂತೆ ಇಳಿಯುವುದೇ ನಿಧಾನವಾಗುವುದು ಸೊಗಸಾಗಿ ಕಾಣುತ್ತದೆ. ಇಳಿಯುವ ದರಕ್ಕೆ ಋಣ ಚಿಹ್ನೆ ಕೊಡುವುದನ್ನು ಕಲಿಸಲೂ ಒಳ್ಳೆಯದು. ಆದರೆ ಒಂದೇ ತಾಪಮಾಪಕದ ಸುತ್ತ 40 ಮಕ್ಕಳು ಅರ್ಧ ಗಂಟೆ ಕಾಯಬೇಕು, ಓದುವವರು ಇಬ್ಬರೇ, ಬಿಸಿನೀರಿನ ಅಪಾಯ ಬೇರೆ. ಎಂಟನೆಯ ತರಗತಿಗೆ, ನಾಲ್ಕೈದು ತಾಪಮಾಪಕಗಳಿದ್ದರೆ ಮಾತ್ರ ಮಾಡಿ. ಇಲ್ಲದಿದ್ದರೆ ಬಿಡಿ.

ಆಟೋ ಮೀಟರ್, ಟೆಂಪೊ ಬಾಡಿಗೆ

ಹಣದ ಉದಾಹರಣೆಗಳು ಮಕ್ಕಳಿಗೆ ಹತ್ತಿರ, ಲೆಕ್ಕ ಖಚಿತ, ಸಾಮಗ್ರಿ ಬೇಡ. ಹೀಗಾಗಿ ಅವು ಎಲ್ಲರ ಮೊದಲ ಆಯ್ಕೆ. ಅವುಗಳ ಒಳಗೂ ಆರಿಸಿಕೊಳ್ಳಬೇಕಾದ ವ್ಯತ್ಯಾಸವಿದೆ.

ಬೆಂಗಳೂರಿನ ಆಟೋ ದರವನ್ನೇ ನೋಡಿ. 2025ರ ಆಗಸ್ಟ್ 1ರಿಂದ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಪ್ರತಿ ಕಿಲೋಮೀಟರಿಗೆ 18 ರೂಪಾಯಿ. ನಕ್ಷೆ ಬರೆದರೆ 2 ಕಿಲೋಮೀಟರಿನವರೆಗೆ ಅಡ್ಡಗೆರೆ, ಅಲ್ಲಿಂದ ಏರುಗೆರೆ. ಒಂದೇ ಪ್ರಯಾಣದಲ್ಲಿ ದರ ಸೊನ್ನೆಯಿಂದ 18ಕ್ಕೆ ಬದಲಾಗುವುದು ಚೆನ್ನಾಗಿ ಕಾಣುತ್ತದೆ. ಆದರೆ 36 ಎಂದರೆ 18ರ ಎರಡರಷ್ಟು. ಹಾಗಾಗಿ 2 ಕಿಲೋಮೀಟರ್ ದಾಟಿದ ಮೇಲೆ ಒಟ್ಟು ಬಾಡಿಗೆಯನ್ನು ಒಟ್ಟು ದೂರದಿಂದ ಭಾಗಿಸಿದರೂ 18 ಬರುತ್ತದೆ, ಹೆಚ್ಚಿದ ಬಾಡಿಗೆಯನ್ನು ಹೆಚ್ಚಿದ ದೂರದಿಂದ ಭಾಗಿಸಿದರೂ 18 ಬರುತ್ತದೆ. ಹಿಂದಿದ್ದ 30 ಮತ್ತು 15 ರೂಪಾಯಿಯ ದರದಲ್ಲೂ ಇದೇ ಕಥೆ. ಮಗು ತಪ್ಪು ದಾರಿಯಲ್ಲಿ ಹೋಗಿ ಸರಿ ಉತ್ತರ ತರುತ್ತದೆ, ನಮಗೆ ಗೊತ್ತಾಗುವುದಿಲ್ಲ.

ಸರಕು ಸಾಗಿಸುವ ಟೆಂಪೊ ಬಾಡಿಗೆ ಇದಕ್ಕಿಂತ ಉತ್ತಮ. ನಿಗದಿ ಬಾಡಿಗೆ 500 ರೂಪಾಯಿ, ಮೇಲೆ ಕಿಲೋಮೀಟರಿಗೆ 20 ಎಂದು ಇಟ್ಟುಕೊಳ್ಳಿ. 10 ಕಿಲೋಮೀಟರಿಗೆ 700 ರೂಪಾಯಿ, ಅಂದರೆ ಕಿಲೋಮೀಟರಿಗೆ ಸರಾಸರಿ 70. 50 ಕಿಲೋಮೀಟರಿಗೆ 1,500, ಸರಾಸರಿ 30. 100 ಕಿಲೋಮೀಟರಿಗೆ 2,500, ಸರಾಸರಿ 25. ಸರಾಸರಿ ಇಳಿಯುತ್ತಲೇ ಇದೆ, ಆದರೆ ಪ್ರತಿ ಹೊಸ ಕಿಲೋಮೀಟರಿಗೆ ಸೇರುವುದು ಯಾವಾಗಲೂ 20. ಒಟ್ಟನ್ನು ಒಟ್ಟಿನಿಂದ ಭಾಗಿಸುವುದಕ್ಕೂ ಬದಲಾವಣೆಯನ್ನು ಬದಲಾವಣೆಯಿಂದ ಭಾಗಿಸುವುದಕ್ಕೂ ಇರುವ ಅಂತರ ಇಲ್ಲಿ ಮುಚ್ಚಿಕೊಳ್ಳಲಾರದು. ಎಂಟನೆಯ ತರಗತಿ ಮುಗಿಯುವುದರೊಳಗೆ ಈ ಒಂದು ಅಂತರ ತಿಳಿದರೆ ಮುಂದೆ ಸರಳರೇಖೆಯ ಸಮೀಕರಣದಲ್ಲಿ ಬರುವ, ಇಲ್ಲಿನ 20 ಮತ್ತು 500ರಂಥ ಎರಡು ಅಂಕಿಗಳ ಅರ್ಥ ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ಗಿರಣಿಯ ಹಿಟ್ಟಿನ ಲೆಕ್ಕ, ಪೆಟ್ರೋಲಿನ ಲೆಕ್ಕ, ತರಕಾರಿಯ ಲೆಕ್ಕ ಇವೆಲ್ಲ ಸೊನ್ನೆಯಿಂದ ಹೊರಡುವ ಸರಳರೇಖೆಗಳು. ಅಭ್ಯಾಸಕ್ಕೆ ಇರಲಿ, ಆರಂಭಕ್ಕೆ ಬೇಡ.

ಇಳಿಜಾರಿನಲ್ಲಿ ಗೋಲಿ

ಎಂಟನೆಯ ತರಗತಿಯ ಚುರುಕಾದ ಗುಂಪಿಗೆ ಇದು ಹಬ್ಬ. 160 ಸೆಂ.ಮೀ. ಉದ್ದದ, ನಡುವೆ ತೋಡು ಇರುವ ಪಟ್ಟಿಯೊಂದರ ಒಂದು ತುದಿಯನ್ನು ಸುಮಾರು 5 ಸೆಂ.ಮೀ. ಎತ್ತರಿಸಿ ಗೋಲಿ ಬಿಡಿ. ಸೆಕೆಂಡಿಗೊಂದರಂತೆ ಚಪ್ಪಾಳೆ ತಟ್ಟಿ, ಗೋಲಿ ಬಿಟ್ಟ ಚಪ್ಪಾಳೆಯನ್ನು ಸೊನ್ನೆ ಎಂದು ಎಣಿಸಿ, ನಾಲ್ಕನೆಯ ಚಪ್ಪಾಳೆಗೆ ಅದು ಕೊನೆ ಮುಟ್ಟುವಂತೆ ಎತ್ತರವನ್ನು ಸರಿಹೊಂದಿಸಿ. 10, 40, 90 ಸೆಂಟಿಮೀಟರಿನಲ್ಲಿ ಅಡ್ಡಲಾಗಿ ದಾರ ಕಟ್ಟಿ ಗೋಲಿ ದಾಟುವಾಗ ಟಕ್ಕೆನ್ನುವಂತೆ ಮಾಡಿದರೆ ಆ ಸದ್ದುಗಳು ಚಪ್ಪಾಳೆಗೆ ಹೊಂದುತ್ತವೆ. ಒಂದೊಂದು ಸೆಕೆಂಡಿನಲ್ಲಿ ಕ್ರಮಿಸಿದ ದೂರ 10, 30, 50, 70. ಅಂದರೆ 1, 3, 5, 7ರ ಅನುಪಾತ.

ಗೆಲಿಲಿಯೊ 1638ರಲ್ಲಿ ಪ್ರಕಟಿಸಿದ ಕೃತಿಯಲ್ಲಿ ವಿವರಿಸಿರುವುದು ಇದೇ ಬಗೆಯ ಪ್ರಯೋಗ. ಕಿರಿದಾದ ಕೊಳವೆಯಿಂದ ಹರಿದು ಬಂದ ನೀರನ್ನು ತೂಗಿ ಅವನು ಸಮಯ ಅಳೆದಿದ್ದ. ಅದಕ್ಕೂ ಬಹಳ ಹಿಂದೆ, 1150ರ ಸಿದ್ಧಾಂತ ಶಿರೋಮಣಿಯಲ್ಲಿ ಭಾಸ್ಕರಾಚಾರ್ಯರು ಗ್ರಹಗಳ ತಾತ್ಕಾಲಿಕ ಗತಿ, ಎಂದರೆ ಆ ಕ್ಷಣದ ಗತಿಯ ಬಗ್ಗೆ ಬರೆದಿದ್ದರು. ಗೋಲಿ ಎರಡನೆಯ ಚಪ್ಪಾಳೆಯ ಕ್ಷಣದಲ್ಲಿ ಎಷ್ಟು ಜವದಲ್ಲಿತ್ತು ಎಂದು ಕೇಳಿ ನೋಡಿ. ಹಿಂದಿನ ಸೆಕೆಂಡಿನಲ್ಲಿ 30, ಮುಂದಿನದರಲ್ಲಿ 50, ಹಾಗಾದರೆ ಆ ಕ್ಷಣದಲ್ಲಿ? ಯಾರಾದರೊಬ್ಬರು 40 ಎನ್ನುತ್ತಾರೆ. ಒಂದೇ ಸಮನಾಗಿ ಜವ ಏರುತ್ತಿರುವಾಗ ಆ ಉತ್ತರ ಸರಿಯೇ.

ಆದರೂ ಇದನ್ನು ಎಲ್ಲ ತರಗತಿಗೂ ಶಿಫಾರಸು ಮಾಡಲಾರೆ. ಪಟ್ಟಿ ಸ್ವಲ್ಪ ಬಾಗಿದ್ದರೂ ಅಂಕಿಗಳು ಕೆಡುತ್ತವೆ, ಹೊಂದಿಸುವುದರಲ್ಲೇ ಅವಧಿ ಕಳೆದುಹೋಗುತ್ತದೆ. ಹಿಂದಿನ ದಿನವೇ ಸಿದ್ಧ ಮಾಡಿಕೊಳ್ಳುವ ತಾಳ್ಮೆ ಇದ್ದವರಿಗೆ ಇದು.

ಪತ್ರಿಕೆಯ ಅಣೆಕಟ್ಟು

ಮಳೆಗಾಲದಲ್ಲಿ ಕನ್ನಡ ಪತ್ರಿಕೆಗಳು ಜಲಾಶಯಗಳ ಮಟ್ಟ, ಒಳಹರಿವು, ಹೊರಹರಿವನ್ನು ಪ್ರಕಟಿಸುತ್ತವೆ. ಮಂಡ್ಯ, ಮೈಸೂರಿನ ಮಕ್ಕಳಿಗೆ ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ ಎನ್ನುವುದು ಬಾಯಿಪಾಠ. ವಿಜಯಪುರ, ಬಾಗಲಕೋಟೆಯವರಿಗೆ ಆಲಮಟ್ಟಿಯ 519.60 ಮೀಟರ್, ಹೊಸಪೇಟೆ, ಕೊಪ್ಪಳದವರಿಗೆ ತುಂಗಭದ್ರೆಯ 1,633 ಅಡಿ. ಬದಲಾವಣೆಯ ದರಕ್ಕೆ ಇಷ್ಟು ಶ್ರೀಮಂತವಾದ ಸಾಮಗ್ರಿ ದಿನವೂ ಮನೆಬಾಗಿಲಿಗೆ ಬಂದು ಬೀಳುತ್ತಿರುವಾಗ ಅದನ್ನು ತರಗತಿಗೆ ತರದಿರುವುದು ನನಗೆ ನೋವಿನ ಸಂಗತಿ.

ಮೊದಲು ಏಕಮಾನ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28.3 ಲೀಟರ್. ಕ್ಯುಸೆಕ್ ತಾನೇ ಒಂದು ದರ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಅದು ಪರಿಮಾಣ. ದಿನಕ್ಕೆ 86,400 ಸೆಕೆಂಡು. ಹಾಗಾಗಿ ಸುಮಾರು 11,574 ಕ್ಯುಸೆಕ್ ನೀರು ಇಡೀ ದಿನ ಹರಿದರೆ ಒಂದು ಟಿಎಂಸಿ. ಈ ಒಂದು ಲೆಕ್ಕವನ್ನು ಮಕ್ಕಳೇ ಮಾಡಲಿ. ‘ಎಷ್ಟು ನೀರು’ ಮತ್ತು ‘ಎಷ್ಟು ಬೇಗ ನೀರು’ ಎರಡೂ ಬೇರೆ ಎಂಬುದು ಅಲ್ಲಿಗೇ ಸ್ಪಷ್ಟವಾಗುತ್ತದೆ.

ಆಮೇಲೆ ಪ್ರಶ್ನೆ. ಹೊರಹರಿವು ಮೂರು ದಿನವೂ 5,000 ಕ್ಯುಸೆಕ್ ಇರಲಿ. ಒಳಹರಿವು ಸೋಮವಾರ 50,000, ಮಂಗಳವಾರ 40,000, ಬುಧವಾರ 30,000. ಯಾವ ದಿನದ ಕೊನೆಗೆ ಜಲಾಶಯದಲ್ಲಿ ಹೆಚ್ಚು ನೀರಿರುತ್ತದೆ? ತರಗತಿಯ ಬಹುಪಾಲು ಮಕ್ಕಳು ಸೋಮವಾರ ಎನ್ನುತ್ತಾರೆ. ಒಳಹರಿವು ಇಳಿದರೆ ನೀರೂ ಇಳಿಯಬೇಕು ಎಂಬುದು ಅವರ ಎಣಿಕೆ. ದೊಡ್ಡವರೂ ಇದನ್ನೇ ಹೇಳುವುದುಂಟು. ಲೆಕ್ಕ ಹಾಕಿದರೆ ಸೋಮವಾರ ಸುಮಾರು 3.9, ಮಂಗಳವಾರ 3.0, ಬುಧವಾರ 2.2 ಟಿಎಂಸಿ ಸೇರುತ್ತದೆ. ಸಂಗ್ರಹ ಏರುತ್ತಲೇ ಇದೆ, ಏರುವ ದರ ಮಾತ್ರ ಇಳಿಯುತ್ತಿದೆ. ಒಳಹರಿವು ಹೊರಹರಿವಿಗೆ ಸಮನಾದಾಗ ಏರಿಕೆ ನಿಲ್ಲುತ್ತದೆ, ಅದಕ್ಕಿಂತ ಕೆಳಗಿಳಿದರೆ ಮಾತ್ರ ನೀರು ಕಡಿಮೆಯಾಗುತ್ತದೆ. ಈ ಮೂರು ದಿನದ ಲೆಕ್ಕವನ್ನು ಅರ್ಥ ಮಾಡಿಕೊಂಡ ಮಗು ‘ಬೆಲೆಯೇರಿಕೆ ತಗ್ಗಿದೆ’ ಎಂಬ ಸುದ್ದಿಯನ್ನು ಓದಿ ಬೆಲೆಗಳೇ ತಗ್ಗಿವೆ ಎಂದುಕೊಳ್ಳುವುದಿಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಜಲಾಶಯ ತುಂಬುತ್ತಾ ಬಂದಂತೆ ಅದೇ ಒಂದು ಟಿಎಂಸಿಗೆ ಮಟ್ಟ ಏರುವ ಅಡಿಗಳು ಕಡಿಮೆಯಾಗುತ್ತವೆ. ಕಣಿವೆ ಕೆಳಗೆ ಕಿರಿದು, ಮೇಲೆ ಅಗಲ. ಫ್ಲಾಸ್ಕನ್ನು ತಲೆಕೆಳಗಾಗಿ ಹಿಡಿದು ತೋರಿಸಿದರೆ ಸಾಕು.

ತೊಡಕುಗಳನ್ನೂ ಹೇಳಬೇಕು. ದೊಡ್ಡ ಸಂಖ್ಯೆಗಳು ಆರನೆಯ ತರಗತಿಯವರನ್ನು ಹೆದರಿಸುತ್ತವೆ. ಪತ್ರಿಕೆಯ ಅಂಕಿ ಒಂದು ಹೊತ್ತಿನ ಹರಿವು, ಇಡೀ ದಿನದ್ದಲ್ಲ. ಆವಿಯಾಗುವ, ಇಂಗುವ ನೀರು ಲೆಕ್ಕದಲ್ಲಿಲ್ಲ. ಹೀಗಾಗಿ ಲೆಕ್ಕ ಹಾಕಿದ್ದಕ್ಕೂ ಮರುದಿನದ ಮಟ್ಟಕ್ಕೂ ಸ್ವಲ್ಪ ಅಂತರ ಬರುತ್ತದೆ. ಏಕೆ ಬಂತು ಎಂದು ಚರ್ಚಿಸಲು ಸಿದ್ಧರಿದ್ದರೆ ಇದು ತೊಡಕೇ ಅಲ್ಲ. ಏಳನೆಯ ತರಗತಿಯ ಕೊನೆ ಅಥವಾ ಎಂಟನೆಯದು ಇದಕ್ಕೆ ತಕ್ಕ ಹಂತ.

ಪರದೆಯ ಮೇಲೆ

ಗಣಿತದ ತಂತ್ರಾಂಶವಾದ ಜಿಯೋಜೀಬ್ರಾ, ಗಣಿತ-ವಿಜ್ಞಾನದ ಪ್ರಯೋಗಗಳನ್ನು ಪರದೆಯ ಮೇಲೆ ಮಾಡಿ ನೋಡಬಹುದಾದ ಫೆಟ್ ಸಿಮ್ಯುಲೇಷನ್‌ಗಳು ಉಚಿತ. ಫೆಟ್‌ನ ಹಲವು ಸಿಮ್ಯುಲೇಷನ್‌ಗಳು ಕನ್ನಡದಲ್ಲೂ ಇವೆ. ಇಳಿಜಾರನ್ನು ಎಳೆದಾಡಿ ಬದಲಿಸಿ ನೋಡಲು, ಒಂದೇ ಚಲನೆಯ ದೂರದ ನಕ್ಷೆ ಮತ್ತು ಜವದ ನಕ್ಷೆಯನ್ನು ಅಕ್ಕಪಕ್ಕ ಇಡಲು ಇವಕ್ಕೆ ಸಾಟಿಯಿಲ್ಲ. ಆದರೆ ನಕ್ಷೆ ತಾನಾಗಿಯೇ ಮೂಡುವಾಗ ಮಗು ನೋಡುಗನಾಗಿ ಉಳಿಯುತ್ತದೆ. ಅಂಗಳದಲ್ಲಿ ಒಮ್ಮೆ ನಡೆದು, ಕೈಯಿಂದ ನಕ್ಷೆ ಬರೆದ ಮೇಲೆ ಪರದೆಗೆ ಬನ್ನಿ. ಕಂಪ್ಯೂಟರ್ ಕೋಣೆ ಇಲ್ಲದ ಶಾಲೆಗೆ ಈ ವಿಷಯದಲ್ಲಿ ದೊಡ್ಡ ನಷ್ಟವೇನೂ ಇಲ್ಲ.

ನಕ್ಷೆ ಮೊದಲೋ, ಕೋಷ್ಟಕ ಮೊದಲೋ, ಸೂತ್ರ ಮೊದಲೋ

ಯಾವ ಚಟುವಟಿಕೆ ಆರಿಸಿದರೂ ಈ ಪ್ರಶ್ನೆ ಉಳಿಯುತ್ತದೆ. ರೂಢಿ ಎಂದರೆ ಸೂತ್ರ ಕೊಟ್ಟು, ಕೋಷ್ಟಕ ತುಂಬಿಸಿ, ಕೊನೆಗೆ ನಕ್ಷೆ. ನಾನು ಇದನ್ನು ಪೂರ್ತಿ ತಿರುಗಿಸುತ್ತೇನೆ. ಮೊದಲು ಅಂಕಿಗಳೇ ಇಲ್ಲದ, ಕೈಬರಹದ ಒರಟು ನಕ್ಷೆ: ಏರುತ್ತದೆಯೋ ಇಳಿಯುತ್ತದೆಯೋ, ಕಡಿದೋ ಮೆಲ್ಲಗೋ ಎಂದಷ್ಟೇ. ಆಮೇಲೆ ಕೋಷ್ಟಕ, ಅದರ ಪಕ್ಕದಲ್ಲಿ ವ್ಯತ್ಯಾಸಗಳಿಗೆಂದೇ ಒಂದು ಹೆಚ್ಚಿನ ಅಂಕಣ. ಆಮೇಲೆ ಭಾಗಾಕಾರ, ಏಕಮಾನದ ಸಮೇತ. ಅಕ್ಷರಗಳ ಸೂತ್ರವನ್ನು ಎಂಟನೆಯ ತರಗತಿಯವರೆಗೂ ಮುಟ್ಟದಿದ್ದರೆ ನಡೆಯುತ್ತದೆ. ಏಕಮಾನವಿಲ್ಲದ ಉತ್ತರವನ್ನು ಮಾತ್ರ ಆರನೆಯ ತರಗತಿಯಲ್ಲೂ ಒಪ್ಪಬೇಡಿ. ‘1.5’ ಎಂದು ಬರೆದ ಮಗುವಿಗೆ ದರ ಗೊತ್ತಿದೆಯೋ ಇಲ್ಲವೋ ಹೇಳಲಾಗದು, ‘ದಿನಕ್ಕೆ 1.5 ಸೆಂ.ಮೀ.’ ಎಂದು ಬರೆದರೆ ಹೇಳಬಹುದು.

ನಿಮ್ಮ ತರಗತಿಗೆ ಯಾವುದು

ಆರನೆಯ ತರಗತಿಗೆ ಮೊಳಕೆ ಮತ್ತು ನೀರು. ಏಳನೆಯದಕ್ಕೆ ನಡಿಗೆ, ಅದನ್ನು ವಿಜ್ಞಾನದಲ್ಲಿ ಚಲನೆ ಮತ್ತು ಜವ ಕಲಿಸುವ ವಾರಗಳಿಗೇ ಹೊಂದಿಸಿದರೆ ಎರಡು ಪಾಠಕ್ಕೂ ಅನುಕೂಲ. ಎಂಟನೆಯದಕ್ಕೆ ಟೆಂಪೊ ಬಾಡಿಗೆ ಮತ್ತು ಅಣೆಕಟ್ಟು, ಸಾಧ್ಯವಾದರೆ ಗೋಲಿ. ಎಂಟನೆಯ ತರಗತಿಗೆ ಬಂದ ಮಕ್ಕಳು ಹಿಂದೆ ಏನನ್ನೂ ಮಾಡಿಲ್ಲವಾದರೆ ನೀರನ್ನು ಬಿಟ್ಟು ಮುಂದೆ ಜಿಗಿಯಬೇಡಿ. ದೊಡ್ಡ ಮಕ್ಕಳಿಗೆ ಅದು ಚಿಕ್ಕವರ ಆಟ ಎನಿಸೀತು ಎಂಬ ಅಳುಕು ಬೇಡ, ತಂಬಿಗೆಯ ನಕ್ಷೆಯನ್ನು ಮೊದಲ ಸಲಕ್ಕೇ ಸರಿಯಾಗಿ ಊಹಿಸುವವರು ಕಡಿಮೆ.

ಏಳು ತರಗತಿಗೆ ಇಬ್ಬರೇ ಶಿಕ್ಷಕರಿರುವ ಶಾಲೆಗಳಲ್ಲಿ ಮೊಳಕೆಯ ಕುಂಡ ಎಲ್ಲರಿಗೂ ಸಾಮಾನ್ಯವಾಗಿರಲಿ. ಚಿಕ್ಕವರು ಅಳೆಯಲಿ, ಆರನೆಯವರು ಕೋಷ್ಟಕ ಬರೆಯಲಿ, ಏಳನೆಯವರು ದಿನದ ದರ ಕಂಡುಹಿಡಿದು ಮುಂದಿನ ಸೋಮವಾರದ ಎತ್ತರವನ್ನು ಗೋಡೆಯ ಮೇಲೆ ಬರೆದಿಡಲಿ. ಸೋಮವಾರ ಬಂದಾಗ ಬರೆದದ್ದಕ್ಕೂ ಬೆಳೆದದ್ದಕ್ಕೂ ಎಷ್ಟು ವ್ಯತ್ಯಾಸವಿದೆ ಎಂದು ಅವರೇ ಅಳೆದು, ದರ ಹೆಚ್ಚಿತೇ ಕುಗ್ಗಿತೇ ಎಂದು ಬರೆಯಬೇಕು.